ನನ್ನನ್ನೇ ಹೊತ್ತು ಬಸ್ಸು ಹತ್ತಿದ್ದು

ನಿದ್ದೆ ಮಾಡುವಾಗ ತಾನು ಹೇಗೆ ಕಾಣುತ್ತೇನೆ ಎಂಬುದು ಯಾವ ಮನುಷ್ಯನಿಗೂ ತಿಳಿಯದ ಹಾಗೆ ದೇವರು ಏರ್ಪಾಡು ಮಾಡಿದ್ದಾನೆ. ಅವನ ದೊಡ್ಡ ಕರುಣೆಗಳಲ್ಲಿ ಇದೂ ಒಂದು ಎಂದು ನನ್ನ ನಂಬಿಕೆ. ತಿಳಿಯುವಂತಿದ್ದರೆ ಎಷ್ಟು ಜನಕ್ಕೆ ಮದುವೆಯಾಗುವ ಧೈರ್ಯ ಬರುತ್ತಿತ್ತೋ ಕಾಣೆ. ನನ್ನ ಪಾಲಿಗೆ ಆ ಕರುಣೆ ಕಳೆದ ಚಳಿಗಾಲಕ್ಕೆ ಮುಗಿಯಿತು. ಈಗ ನನಗೆ ಗೊತ್ತು. ನನಗಷ್ಟೇ ಅಲ್ಲ, ಪರದೇಶದ ನಮ್ಮೂರು ಮಿಸ್ಸಿಸಾಗಾದ ಒಂದು ಸಿಟಿ ಬಸ್ಸಿಗೂ ಒಂದು ಇಡೀ ಹೈಸ್ಕೂಲಿಗೂ ಗೊತ್ತು.

ನನ್ನ ಮಗಳು ನಿಧಿ ಓದುವುದು ಕಲೆಗೆಂದೇ ಇರುವ ಸರ್ಕಾರಿ ಹೈಸ್ಕೂಲಿನಲ್ಲಿ. ನೃತ್ಯ, ನಾಟಕ, ಸಂಗೀತ, ಚಿತ್ರಕಲೆ, ಇವುಗಳಲ್ಲಿ ಒಂದನ್ನು ಮಾಡಿ ತೋರಿಸಿ ಗೆದ್ದವರಿಗೆ ಮಾತ್ರ ಅಲ್ಲಿ ಸೀಟು. ಅವಳಿಗೆ ಚಿತ್ರಕಲೆಯಲ್ಲಿ ಸೀಟು ಸಿಕ್ಕಿದಾಗ ನನ್ನ ಹೆಂಡತಿ ವಸುಧಾ ಊರಿನ ನೆಂಟರಿಗೆಲ್ಲ ಫೋನು ಮಾಡಿ, "ಇಲ್ಲ ಇಲ್ಲ, ಮ್ಯಾತ್ಸೂ ಹೇಳ್ಕೊಡ್ತಾರೆ" ಎಂದು ಅವರಿಗೇ ಸಮಾಧಾನ ಹೇಳಬೇಕಾಯಿತು. ಕಲೆ ನಮ್ಮ ಕಡೆಯಿಂದ ಬಂದಿದ್ದಲ್ಲ. ಮೈಸೂರಿನ ನನ್ನ ಶಾಲೆಯಲ್ಲಿ ನಾನು ಬರೆದ ಮಾವಿನಹಣ್ಣನ್ನು ನೋಡಿ ಡ್ರಾಯಿಂಗ್ ಮೇಷ್ಟ್ರು, "ಬದನೇಕಾಯಿ ಪರವಾಗಿಲ್ಲ, ತೊಟ್ಟು ಸರಿಮಾಡು" ಎಂದಿದ್ದರು.

ಆ ಶಾಲೆಗೆ ಹೋದರೆ ನನ್ನಂಥವನಿಗೆ ಸ್ವಲ್ಪ ಗಾಬರಿಯೇ. ಮೆಟ್ಟಿಲ ಕೆಳಗೆ ಯಾರೋ ಚೆಲ್ಲೋ ಎಂಬ ದೊಡ್ಡ ಪಿಟೀಲು ಕುಯ್ಯುತ್ತಿರುತ್ತಾರೆ, ಲಾಕರಿಗೆ ಕಾಲು ಏರಿಸಿಕೊಂಡು ಯಾರೋ ನಡು ಬಗ್ಗಿಸುತ್ತಿರುತ್ತಾರೆ. ಒಮ್ಮೆ ಕಾರಿಡಾರಿನಲ್ಲಿ ಹುಡುಗಿಯೊಬ್ಬಳು ಗೋಡೆಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಟಿಶ್ಯೂ ಕೊಟ್ಟು ಏನಾಯಿತಮ್ಮ ಎಂದು ಕೇಳಿದೆ. ಅವಳು ತಟ್ಟನೆ ಅಳು ನಿಲ್ಲಿಸಿ, ನಾಟಕದ ರಿಹರ್ಸಲ್ಲು, ದಯವಿಟ್ಟು ಮಧ್ಯೆ ಬರಬೇಡಿ ಎಂದಳು. ಮುಂದಿನ ಸಲ ಅದೇ ಜಾಗದಲ್ಲಿ ಇನ್ನೊಬ್ಬಳು ಅಳುತ್ತಿದ್ದಾಗ ನಾನು ತಿಳಿದವನಂತೆ ಚಪ್ಪಾಳೆ ತಟ್ಟಿದೆ. ಪಾಪ, ಅವಳು ನಿಜವಾಗಿಯೂ ಹಲ್ಲುನೋವಿನಿಂದ ಅಳುತ್ತಿದ್ದಳಂತೆ.

ಇರಲಿ, ವಿಷಯಕ್ಕೆ ಬರುತ್ತೇನೆ. ಕೊನೆಯ ವರ್ಷದ ಪ್ರದರ್ಶನಕ್ಕೆ ಪ್ರತಿಯೊಬ್ಬರೂ ತಮ್ಮ ಬದುಕಿನ ಒಬ್ಬ ಮುಖ್ಯ ವ್ಯಕ್ತಿಯ ಆಳೆತ್ತರದ ಮೂರ್ತಿ ಮಾಡಬೇಕೆಂದು ಟೀಚರ್ ಹೇಳಿದ್ದರು. ನಿಧಿ ಊಟಕ್ಕೆ ಕೂತಾಗ, "ಅಪ್ಪಾ, ಕ್ಯಾನ್ ಐ ಮೇಕ್ ಯೂ?" ಎಂದು ಕೇಳಿದಳು.

ನನ್ನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಮೈಸೂರಿನಲ್ಲಿ ಹುಟ್ಟಿದವನಿಗೆ ಮೂರ್ತಿ ಎಂದರೆ ಸರ್ಕಲ್ಲು, ಸರ್ಕಲ್ಲಿನ ನಡುವೆ ಮಹಾರಾಜರು. ಮಾರನೆಯ ದಿನವೇ ಸೂಟು ಇಸ್ತ್ರಿ ಮಾಡಿಸಿ, ಎದೆಯುಬ್ಬಿಸಿ, ಒಂದು ಕೈಯಲ್ಲಿ ದಿಗಂತ ತೋರಿಸುತ್ತ ನಿಂತೆ. ಅವಳು ಒಲ್ಲದ ಮನಸ್ಸಿನಿಂದ ಒಂದೆರಡು ಫೋಟೋ ತೆಗೆದುಕೊಂಡು, "ಓಕೆ ಅಪ್ಪಾ, ಕೈ ಇಳಿಸು" ಎಂದಳು. ಆಮೇಲೆ ಬೇಸ್‌ಮೆಂಟಿಗೆ ನನಗೆ ಪ್ರವೇಶವಿಲ್ಲ. ತಂತಿ, ಹಳೆಯ ಪೇಪರು, ಮೈದಾಹಿಟ್ಟಿನ ಅಂಟು ಒಳಗೆ ಹೋಗುತ್ತಿದ್ದವು. ವಸುಧಾ ಮಾತ್ರ ಹೋಗಿ ನೋಡಿ, ಸೆರಗನ್ನು ಬಾಯಿಗೊತ್ತಿಕೊಂಡು ಮೇಲೆ ಬರುತ್ತಿದ್ದಳು. ಭಾವುಕಳಾಗಿದ್ದಾಳೆ ಎಂದುಕೊಂಡೆ.

ಪ್ರದರ್ಶನದ ದಿನ ಬೆಳಿಗ್ಗೆ ಬೇಸ್‌ಮೆಂಟಿನ ಬಾಗಿಲು ತೆರೆಯಿತು. ಇಳಿದು ನೋಡಿದರೆ ಕುರ್ಚಿಯಲ್ಲಿ ನಾನು. ಸೂಟಿಲ್ಲ. ಡ್ರೈಯರು ನುಂಗಿತೆಂದು ನಾನು ನಂಬಿದ್ದ ಹಳೆಯ ಪಂಚೆ, ತೂತು ಬನಿಯನ್ನು. ಕಾಲು ಮುಂದಕ್ಕೆ ಚಾಚಿದೆ, ತಲೆ ಹಿಂದಕ್ಕೆ ಬಿದ್ದಿದೆ, ಬಾಯಿ ತೆರೆದಿದೆ. ಎಂಥ ತೆರೆದ ಬಾಯಿ! ಒಳಗಿನ ದವಡೆಹಲ್ಲಿನ ಸಿಮೆಂಟನ್ನೂ ಬಿಟ್ಟಿರಲಿಲ್ಲ.

"ಹೇಗಿದೆ ಅಪ್ಪಾ?"

"ಹೊಟ್ಟೆ ಅಷ್ಟಿದೆಯೇನೇ?"

"ರೀ, ಅವಳು ಕಮ್ಮೀನೇ ಮಾಡಿದಾಳೆ" ಎಂದಳು ವಸುಧಾ.

ಬೇಸರಪಟ್ಟುಕೊಳ್ಳಲು ಸಮಯವಿರಲಿಲ್ಲ. ಹೊರಗೆ ಹಿಮ ಬೀಳುತ್ತಿತ್ತು, ಮಧ್ಯಾಹ್ನದೊಳಗೆ ಮೂರ್ತಿ ಶಾಲೆ ಸೇರಬೇಕಿತ್ತು. ನಾನು ಇಂಜಿನಿಯರು, ನಮ್ಮ ಕಾರಿನಲ್ಲಿ ಹಿಡಿಸುತ್ತೇನೆ ಎಂದು ವಾರದಿಂದ ಭರವಸೆ ಕೊಟ್ಟಿದ್ದೆ. ಹಿಂದಿನ ಬಾಗಿಲಿನಿಂದ ತಳ್ಳಿದರೆ ತಲೆ ತಡೆಯಿತು, ಡಿಕ್ಕಿಯಿಂದ ತಳ್ಳಿದರೆ ಕಾಲು. ಮಂಡಿಯ ಹತ್ತಿರ ಸ್ವಲ್ಪ ಕತ್ತರಿಸಿ ಆಮೇಲೆ ಅಂಟಿಸಬಹುದೇನೋ ಎಂದೆ. ನಿಧಿಯ ಕಣ್ಣಲ್ಲಿ ನೀರು ಬಂತು. "ಅಪ್ಪಾ, ನೋ! ಇಟ್ಸ್ ಯೂ!" ಎಂದಳು. ನನ್ನ ಕಾಲಿಗಾಗಿ ಅತ್ತವಳು ಅವಳೊಬ್ಬಳೇ. ಹಿಂದೆಮುಂದೆ ನೋಡದೆ, "ನಡಿ, ಬಸ್ಸಲ್ಲೇ ಒಯ್ಯೋಣ" ಎಂದುಬಿಟ್ಟೆ.

ಹಿಮಕ್ಕೆ ಪೇಪರು ನೆನೆಯಬಾರದೆಂದು ಪ್ಲಾಸ್ಟಿಕ್ಕು ಸುತ್ತಿದೆವು. ಅದರ ಮೇಲೆ ವಸುಧಾ ಕೈಗೆ ಸಿಕ್ಕಿದ ಬಿಳಿ ಬೆಡ್‌ಶೀಟು ಹೊದೆಸಿದಳು. ತಲೆಯ ಕಡೆ ನಾನು, ಕಾಲಿನ ಕಡೆ ನಿಧಿ. ಹಿಂದೆ ವಸುಧಾ, ನಗು ತಡೆಯಲಾಗದೆ ಕಣ್ಣಿಗೆ ಕರವಸ್ತ್ರ ಒತ್ತಿಕೊಂಡು. ಎದುರು ಮನೆಯ ಮುದುಕ ಟೋನಿ ಹಿಮ ಗೋರುತ್ತಿದ್ದವನು ನಮ್ಮನ್ನು ಕಂಡು ಸಲಿಕೆ ಕೆಳಗಿಟ್ಟ, ಟೊಪ್ಪಿಗೆ ತೆಗೆದ, ತಲೆ ಬಾಗಿಸಿ ಎದೆಯ ಮೇಲೆ ಶಿಲುಬೆ ಬರೆದುಕೊಂಡ. ಅನ್ಯಾಯವಾಗಿ ದುಃಖಪಡುತ್ತಿದ್ದಾನಲ್ಲ ಎಂದು ನಾನು ನಿಂತು, "ಟೋನಿ, ಚಿಂತೆ ಬೇಡ, ಇದರೊಳಗಿರುವುದು ನಾನೇ" ಎಂದು ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದೆ. ಅವನು ಸಲಿಕೆಯನ್ನು ಅಲ್ಲೇ ಬಿಟ್ಟು ಮನೆಯೊಳಗೆ ಹೋದ.

ಬಸ್ಸಿನ ಡ್ರೈವರು ಪಂಜಾಬಿ. ಬಿಳಿ ಬಟ್ಟೆ ನೋಡಿದವನೇ ಬಾಗಿಲಿಗೆ ಅಡ್ಡ ಕೈ ಹಿಡಿದು, "ಭಾಯ್‌ಸಾಬ್, ಯೇ ಕೌನ್ ಹೈ?" ಎಂದ. ಬೆಡ್‌ಶೀಟೂ ಪ್ಲಾಸ್ಟಿಕ್ಕೂ ಸರಿಸಿ ತೋರಿಸಿದೆ. ಅವನು ಮೂರ್ತಿಯನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಮೂರ್ತಿಯನ್ನು ನೋಡಿದ. "ಬಿಠಾ ದೋ, ಬಿಠಾ ದೋ. ಬಹುತ್ ಥಕಾ ಹುವಾ ಹೈ ಬೇಚಾರಾ" ಎಂದು, ಪಾಪ ತುಂಬಾ ದಣಿದಿದ್ದಾನೆ ಕೂರಿಸಿ ಎನ್ನುವ ಹಾಗೆ, ಮುಂದಿನ ಜಾಗ ತೋರಿಸಿದ. ನನಗೆ ಕೂರಲು ಸೀಟು ಸಿಗಲಿಲ್ಲ. ನಾನು ಸೀಟಿನಲ್ಲಿ ಆರಾಮಾಗಿ ಮಲಗಿದ್ದೆ, ನಾನೇ ಪಕ್ಕದಲ್ಲಿ ಕಂಬಿ ಹಿಡಿದು ಜೋಲಾಡುತ್ತಿದ್ದೆ.

ಮುಂದಿನ ಸ್ಟಾಪಿನಲ್ಲಿ ದಪ್ಪ ಕನ್ನಡಕದ ಅಜ್ಜಿಯೊಬ್ಬರು ಹತ್ತಿದರು. ಬನಿಯನ್ನಿನಲ್ಲಿ ಮಲಗಿದ್ದ ನನ್ನನ್ನು ಕಂಡು ಅವರಿಗೆ ತಡೆಯಲಾಗಲಿಲ್ಲ. ತಮ್ಮ ಮಫ್ಲರು ಬಿಚ್ಚಿ ಮೂರ್ತಿಯ ಕೊರಳಿಗೆ ಸುತ್ತಿ, ನನ್ನ ಕಡೆ ತಿರುಗಿ, "ನೀನು ಬೆಚ್ಚಗೆ ಕೋಟು ಹಾಕಿಕೊಂಡಿದ್ದೀಯ, ನಿಮ್ಮಪ್ಪನನ್ನು ಹೀಗೆ ಕರೆದುಕೊಂಡು ಬರುವುದೇ?" ಎಂದು ಗದರಿದರು. ಬಸ್ಸಿಗೆ ಬಸ್ಸೇ ನನ್ನನ್ನು ದುರುಗುಟ್ಟಿ ನೋಡಿತು. ನಿಧಿ ಮಾತ್ರ ನನ್ನ ತೋಳು ಹಿಂಡಿ, "ಅಪ್ಪಾ, ಶೀ ಥಿಂಕ್ಸ್ ಇಟ್ಸ್ ರಿಯಲ್!" ಎಂದು ಕುಣಿದಳು. ಅವಳಿಗೆ ಬಹುಮಾನ ಬಂದಷ್ಟು ಸಂತೋಷ. ಲೋಕದಲ್ಲಿ ಎಷ್ಟೋ ಅಪ್ಪಂದಿರು ಮಕ್ಕಳ ಕಣ್ಣಿಗೆ ಬೆಟ್ಟದ ಹಾಗೆ ಕಾಣುತ್ತಾರಂತೆ, ನಾನು ಗೊರಕೆಯ ಹಾಗೆ ಕಂಡೆನಲ್ಲ ಎಂದು ಒಳಗೊಳಗೇ ಮುಖ ಊದಿಸಿಕೊಂಡಿದ್ದೆ.

ಶಾಲೆಯ ಹಾಲಿನಲ್ಲಿ ಎಲ್ಲೆಲ್ಲೂ ಮೂರ್ತಿಗಳು. ನಗುವ ಅಮ್ಮಂದಿರು, ಪಿಯಾನೋ ನುಡಿಸುವ ತಾತಂದಿರು. ಯಾರ ಬಾಯಿಯೂ ತೆರೆದಿರಲಿಲ್ಲ. ನಿಧಿಯ ಟೀಚರ್ ಬಂದು ನನ್ನನ್ನು, ಅಂದರೆ ಅದನ್ನು, ಸುತ್ತುಹಾಕಿ ನೋಡಿ, "ಇವರ ಕೈಯಲ್ಲಿರುವುದೇನು?" ಎಂದು ಕೇಳಿದರು. ಬಾಯಿ ನೋಡುವ ಗಡಿಬಿಡಿಯಲ್ಲಿ ನಾನು ಕೈ ನೋಡಿಯೇ ಇರಲಿಲ್ಲ. ಮಡಿಲಲ್ಲಿ ಬಿಗಿಯಾಗಿ ಮುಚ್ಚಿದ ಮುಷ್ಟಿಯಿಂದ ಕಾರಿನ ಕೀ ಇಣುಕುತ್ತಿತ್ತು.

ನಿಧಿ ಇಂಗ್ಲಿಷಿನಲ್ಲಿ ಹೇಳಿದಳು. "ಸಂಜೆ ಶಾಲೆಯ ಸ್ಟುಡಿಯೋ ಮುಗಿಯುವುದು ತಡವಾದರೆ ಫೋನು ಮಾಡು, ತಕ್ಷಣ ಬರುತ್ತೇನೆ ಎಂದಿರುವ ಅಪ್ಪ ಆಫೀಸಿನಿಂದ ಬಂದವರೇ ಕೀ ಹಿಡಿದುಕೊಂಡು ಕುರ್ಚಿಯಲ್ಲಿ ಕೂರುತ್ತಾರೆ. ಹಾಗೇ ನಿದ್ದೆ ಹೋಗುತ್ತಾರೆ. ನಾನು ಫೋನು ಮಾಡಿ ಮಾಡಿ ಸಾಕಾಗಿ ಬಸ್ಸಿನಲ್ಲೇ ಮನೆಗೆ ಬರುತ್ತೇನೆ. ಆದರೆ ಒಂದು ದಿನವೂ ಕೈಯಿಂದ ಕೀ ಬಿದ್ದಿಲ್ಲ."

ಟೀಚರ್ ನಕ್ಕರು. ನನಗೆ ಕಾರಿಡಾರಿಗೆ ಹೋಗಿ ಗೋಡೆಗೆ ಹಣೆ ಹಚ್ಚೋಣವೆನ್ನಿಸಿತು, ಆದರೆ ಆ ಶಾಲೆಯಲ್ಲಿ ಯಾರಾದರೂ ಚಪ್ಪಾಳೆ ತಟ್ಟಿಬಿಟ್ಟಾರು ಎಂದು ಸುಮ್ಮನಾದೆ.

ಜನ ಬರತೊಡಗಿದರು. ನಿಧಿ ಒಬ್ಬೊಬ್ಬರಿಗೂ ವಿವರಿಸುತ್ತಿದ್ದಳು. ನಾನು ಮೂರ್ತಿಯ ಪಕ್ಕದಲ್ಲಿದ್ದ ಖಾಲಿ ಕುರ್ಚಿಯಲ್ಲಿ ಒಂದು ಕ್ಷಣ ಕೂತೆ. ಬೆಳಿಗ್ಗೆಯಿಂದ ನನ್ನನ್ನು ಹೊತ್ತ ಆಯಾಸ, ಹಾಲಿನ ಹೀಟರಿನ ಬೆಚ್ಚನೆ ಗಾಳಿ. ಮುಂದೆ ನನಗೆ ಕೇಳಿಸಿದ್ದು ಹೆಂಗಸೊಬ್ಬರ ದನಿ, ತೀರಾ ಹತ್ತಿರದಲ್ಲಿ.

"ಆ ಮೊದಲನೆಯದರಲ್ಲಿ ಜೀವವಿದೆ. ಇದು ಯಾಕೋ ಅತಿಯಾಯಿತು. ಬಾಯಿ ಇಷ್ಟು ತೆರೆಯಬಾರದಿತ್ತು, ಮೂಗೂ ನಂಬುವ ಹಾಗಿಲ್ಲ. ಇದೂ ನೀನು ಮಾಡಿದ್ದೇನಮ್ಮ?"

ನನ್ನ ಮಗಳು, ಸ್ವಲ್ಪವೂ ತಡವರಿಸದೆ, "ನೋ ನೋ, ಇದು ನನ್ನದಲ್ಲ. ಮೈಸೂರಿನಲ್ಲಿರುವ ನಮ್ಮಜ್ಜಿ ಮಾಡಿದ್ದು" ಎಂದಳು.

"ಓಹ್! ಹಾಗಾದರೆ ಮೊದಲ ಪ್ರಯತ್ನಕ್ಕೆ ಪರವಾಗಿಲ್ಲ" ಎಂದರು ಆಕೆ, ಮರುಕದಿಂದ.

ಕಣ್ಣು ತೆರೆಯಬಹುದಿತ್ತು. ಆದರೆ ನಮ್ಮಮ್ಮನ ಮರ್ಯಾದೆಯ ಪ್ರಶ್ನೆ. ಆಕೆ ಮುಂದಿನ ಮೂರ್ತಿಗೆ ಹೋಗುವವರೆಗೂ ಉಸಿರು ಬಿಗಿಹಿಡಿದು ಹಾಗೇ ಕೂತಿದ್ದೆ.