ಮಂಜಿನಲ್ಲಿ ಮಾವನವರಿಗೆ ಸೀಮೆ ತೋರಿಸಿದ್ದು

ನಂಟರಿಗೆ ಊರು ತೋರಿಸುವ ಕೆಲಸವನ್ನು ಪತ್ರಿಕೆಯವರಿಗೆ ಒಪ್ಪಿಸಬಾರದು. ಐವತ್ತರ ದಶಕದಲ್ಲಿ ನಾನು ಚಾಮರಾಜನಗರದಿಂದ ಮೈಸೂರಿನ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಕಣ್ಣಾರೆ ಕಂಡದ್ದನ್ನಲ್ಲದೆ ಬರೆಯಕೂಡದು, ಕಂಡದ್ದನ್ನು ಮುಚ್ಚಿಡಕೂಡದು ಎಂಬ ಶಿಸ್ತಿನಲ್ಲಿ ಪಳಗಿದ್ದೆ. ನನ್ನ ಹೆಂಡತಿ ಶಾರದೆ ಇದನ್ನು ಶಿಸ್ತು ಎನ್ನುತ್ತಿರಲಿಲ್ಲ.

ಆ ಮಾರ್ಗಶಿರದಲ್ಲಿ ಅವಳ ತಂಗಿಗೆ ಗುಂಡ್ಲುಪೇಟೆಯ ಮೇಷ್ಟರೊಬ್ಬರ ಸಂಬಂಧ ಬಂತು. ಹುಡುಗಿ ಒಪ್ಪಿದ್ದಳು, ಜಾತಕ ಕೂಡಿತ್ತು, ಒಪ್ಪದೆ ಉಳಿದವರು ಮಾವನವರೊಬ್ಬರೇ. ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿ ಬೆಳೆದ ಅವರ ಲೆಕ್ಕದಲ್ಲಿ ನಂಜನಗೂಡು ದಾಟಿದರೆ ಮುಂದೆಲ್ಲ ಆನೆ. “ಸೀಮೆ ನೋಡದೆ ಮಾತು ಕೊಡಲಾರೆ” ಎಂದು ಒಂದು ಬೆಳಿಗ್ಗೆ ನಮ್ಮೂರಲ್ಲಿ ರೈಲಿಳಿದರು. ಶಾರದೆ ನನ್ನನ್ನು ಅಡುಗೆಮನೆಗೆ ಕರೆದು, “ರೀ, ಆನೆ ಅಂತ ಬಾಯಿ ಬಿಟ್ರೆ ನನ್ನ ತಂಗಿ ಮದುವೆ ಮುರಿದ ಹಾಗೇ!” ಎಂದಳು.

ಮೊದಲ ದಿನ ಸುಸೂತ್ರವಾಗಿ ಕಳೆಯಿತು. ಅರಿಕುಠಾರವೆಂಬ ಹಳೆಯ ಊರಿಗೆ, ಅರಸರೊಬ್ಬರು ಅಲ್ಲಿ ಹುಟ್ಟಿದರೆಂದು ಚಾಮರಾಜನಗರವೆಂಬ ಹೆಸರು ಬಂದದ್ದನ್ನು ಕೇಳಿ ಮಾವನವರು ನೆಟ್ಟಗೆ ಕುಳಿತರು. ಅರಿಸಿನದ ಮಂಡಿ ಕಂಡು ಶುಭಸೂಚನೆ ಎಂದರು. ಮರುದಿನ ಗುಂಡ್ಲುಪೇಟೆಯ ವೀಳ್ಯದೆಲೆ ಬಾಯಿಗೆ ಬಿದ್ದ ಮೇಲಂತೂ ಮುಕ್ಕಾಲು ಒಪ್ಪಿದಂತೆಯೇ ಕಂಡರು. ಬುದ್ಧಿವಂತನಾಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ನಾನು ಗೋಪಾಲಸ್ವಾಮಿ ಬೆಟ್ಟಕ್ಕೆ ಗಾಡಿ ಗೊತ್ತುಮಾಡಿದೆ. ಶಾರದೆಯೂ ಜೊತೆಗೆ ಹತ್ತಿದಳು.

ಕಾಡು ಹೊಕ್ಕ ಸ್ವಲ್ಪ ಹೊತ್ತಿಗೇ ದಾರಿಯ ನಡುವೆ ಹಬೆಯಾಡುವ ಒಂದು ಗುಡ್ಡೆ ಎದುರಾಯಿತು.

“ಇದೇನಪ್ಪ?” ಎಂದರು ಮಾವನವರು.

“ಎಮ್ಮೇದು ಬುದ್ದಿ” ಎಂದ ಗಾಡಿ ಹೊಡೆಯುವ ಮಾದಯ್ಯ.

“ಇಷ್ಟು ದೊಡ್ಡದೇ?”

“ನಮ್ ಕಡೆ ಮೇವು ಜಾಸ್ತಿ ಕಣ್ ಬುದ್ದಿ.”

ಮಾವನವರು ನನ್ನತ್ತ ತಿರುಗಿದರು. “ಅಳಿಯಂದಿರೇ, ನೀವು ಹೇಳಿ.”

ನೇರ ಪ್ರಶ್ನೆಗೆ ನೇರ ಉತ್ತರ ನಮ್ಮ ಕಸುಬಿನ ಧರ್ಮ. “ಆನೆ ಲದ್ದಿ. ಈಗ ತಾನೇ ಹಾಕಿದ್ದು” ಎಂದೆ. ಶಾರದೆ ನನ್ನ ತೊಡೆ ಚಿವುಟಿದಳು. ಆ ಸಂಗತಿಯನ್ನು ಮಾತ್ರ ವರದಿ ಮಾಡದೆ ಬಿಟ್ಟೆ.

ಬೆಟ್ಟದ ತುದಿಯಲ್ಲಿ ದಟ್ಟ ಮಂಜು. ನಮ್ಮ ಸೀಮೆಯಲ್ಲಿ ಒಂದು ಮರ್ಯಾದೆಯಿದೆ: ಅಷ್ಟು ಎತ್ತರ ಹತ್ತಿ ಬಂದವರನ್ನು ಏನೂ ತೋರಿಸದೆ ಇಳಿಸಬಾರದು. ಮಾದಯ್ಯ ಬಿಳಿ ಗೋಡೆಯಂಥ ಮಂಜಿನೊಳಕ್ಕೆ ತೋಳು ಚಾಚಿದ. “ಅಗಾ, ಅದು ನೀಲಗಿರಿ. ಈ ಕಡೀಕೆ ಮಲೆಯಾಳ್ದೋರ ಸೀಮೆ. ಅಗಳಗಾ, ಗುಂಡ್ಲುಪೇಟೆ! ಮೇಷ್ಟ್ರ ಮನೆ ಎಂಚು ಎಂಗ್ ಒಳೀತದೆ ನೋಡಿ!”

ಮಾವನವರು ಕನ್ನಡಕ ಒರೆಸಿಕೊಂಡು ನೋಡಿದರು. “ನಿಮಗೆ ಕಾಣುತ್ತಿದೆಯೇ?” ಎಂದು ನನ್ನನ್ನು ಕೇಳಿದರು.

“ನನಗೆ ನಿಮ್ಮ ಮುಖವೇ ಸರಿಯಾಗಿ ಕಾಣುತ್ತಿಲ್ಲ.”

“ಏನ್ ಸ್ವಾಮಿ ನೀವು!” ಮಾದಯ್ಯನಿಗೆ ರೇಗಿತು. “ಪಾಪ ಅಷ್ಟ್ ದೂರದಿಂದ ಬಂದವ್ರೆ, ಒಸಿ ನೋಡ್ಲಿ ಬುಡಿ!”

ಇಳಿಯುವಾಗ ಶಾರದೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಗುಂಡ್ಲುಪೇಟೆಯಲ್ಲಿ ಗಾಡಿಯಿಳಿದು ಪಂಚೆ ಕೊಡವಿಕೊಂಡ ಮಾವನವರು, “ಈ ಸಂಬಂಧ ಆಗಲಿ” ಎಂದರು.

“ಅಪ್ಪಾ! ಆನೆ?”

“ಇದ್ದರೆ ಇರಲಿ ಬಿಡು.”

ಸತ್ಯ ಗೆದ್ದಿತೆಂದು ನಾನು ಎದೆ ಸೆಟೆಸಿ ನಿಂತೆ. ಮಾವನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮಗಳ ಕಡೆ ತಿರುಗಿದರು. “ಎಲ್ಲಿ ಏನು ಮಾತಾಡಬೇಕು ಅನ್ನೋದೇ ತಿಳಿಯದ ಇವರನ್ನ ಇಷ್ಟು ವರ್ಷ ಸಹಿಸಿಕೊಂಡ ಸೀಮೆ ಕಣಮ್ಮ ಇದು. ನಿನ್ನ ತಂಗೀನ ಚೆನ್ನಾಗಿ ನೋಡಿಕೊಳ್ಳದೆ ಇರುತ್ತದೆಯೇ?”

ಆ ಹೇಳಿಕೆಯನ್ನು ಅಲ್ಲಗಳೆಯಲು ನನ್ನ ಬಳಿ ಯಾವ ಆಧಾರವೂ ಇರಲಿಲ್ಲ.