ಬೀರು, ಬೆಲ್ಟು ಮತ್ತು ಕುರ್ಚಿಮಾವ

ಮದುವೆಯಾದ ಹೊಸದರಲ್ಲಿ ಟೈಲರ್ ಹೆಂಡತಿಗೊಂದು ಮಾತು ಕೊಟ್ಟಿದ್ದ: "ನನ್ನ ಬೆನ್ನೊಂದು ಸರಿಹೋಗ್ಲಿ, ಈ ಬೀರುನ ಆಚೆ ಗೋಡೆಗೆ ನಾನೇ ತಳ್ತೀನಿ."

ಬಾಗಿಲಿಗೆ ಅಡ್ಡವಾಗಿದ್ದ ಆ ಕಬ್ಬಿಣದ ಬೀರುವಿನಿಂದಾಗಿ ಮನೆಮಂದಿಯೆಲ್ಲ ಏಡಿಗಳಂತೆ ಅಡ್ಡಡ್ಡ ನಡೆಯುವುದನ್ನು ಕಲಿತಿದ್ದರು. ಕಳೆದ ವರ್ಷ ಟೈಲರನ ಬೆನ್ನುಮೂಳೆಗೆ ಆಪರೇಷನ್ ಆಯಿತು. ಸ್ಕ್ರೂ ಕೂರಿಸಿದ್ದು ರೋಬೋ. ರೋಬೋ ಮುಟ್ಟಿದ ಬೆನ್ನು ಬೇಗ ಸುಧಾರಿಸುತ್ತದೆಯೇ ಎಂದು ಸಂಶೋಧನೆ ನಡೆಸುತ್ತಿದ್ದ ಆಸ್ಪತ್ರೆಯವರು ಅವನ ಸೊಂಟಕ್ಕೊಂದು ಬೆಲ್ಟು ಕಟ್ಟಿದ್ದರು. ಬಗ್ಗಿದರೆ, ಎದ್ದರೆ, ನಡೆದರೆ ಅದು ಗುರುತು ಹಾಕಿಕೊಳ್ಳುತ್ತಿತ್ತು.

ಇವತ್ತು ಬೆಲ್ಟಿನ ಕೊನೆಯ ದಿನ. ಸಂಜೆ ಸಂಶೋಧಕಿ ಬಂದು ಫಲಿತಾಂಶ ಹೇಳುತ್ತಾಳೆ. ಹೆಂಡತಿ ಬೆಳಗ್ಗೆಯೇ ಬೀರು ಖಾಲಿ ಮಾಡಿ ಕೂತಿದ್ದಳು.

ಟೈಲರನಿಗೆ ಜೀವಭಯ. ಬೀರು ತಳ್ಳುವಾಗ ಬಿಗಿ ಅಂಗಿಯ ಗುಂಡಿಗಳಂತೆ ಸ್ಕ್ರೂಗಳು ಪಟಪಟ ಕಿತ್ತುಬಂದರೆ? ಬೆನ್ನು ಇನ್ನೂ ಸರಿಹೋಗಿಲ್ಲ ಎಂದು ಬೆಲ್ಟೇ ಸಾಕ್ಷಿ ಹೇಳಿದರೆ ಬಚಾವು. ಆದರೆ ಅಂಗಡಿಯಲ್ಲಿ ಬಗ್ಗಿ ಅಳತೆ ತೆಗೆದರೆ ಅದು ಚಾಡಿ ಹೇಳದೆ ಬಿಡುತ್ತದೆಯೇ?

ಪಕ್ಕದ ಮನೆಯಲ್ಲಿ ಕುರ್ಚಿಮಾವ ಇದ್ದರು. ರಿಟೈರಾದ ದಿನ ಕುರ್ಚಿಯಲ್ಲಿ ಕೂತವರು ಊಟ ನಿದ್ದೆಗೆ ಬಿಟ್ಟರೆ ಎದ್ದದ್ದಿಲ್ಲ.

"ಮಾವ, ಸಂಜೆವರೆಗೂ ಇದನ್ನ ಕಟ್ಕೊಂಡಿರಿ. ಏನೂ ಮಾಡ್ಬೇಡಿ."

"ಅದರಲ್ಲಿ ನನ್ನನ್ನ ಮೀರಿಸೋರು ಯಾರಯ್ಯ? ಏನಿದು?"

"ದೊಡ್ಡಾಸ್ಪತ್ರೆಯವರು ಇದರಲ್ಲಿ ಎಲ್ಲಾ ನೋಡ್ತಾರೆ."

"ನೋಡ್ತಾರಾ?" ಮಾವ ಬೆನ್ನು ನೆಟ್ಟಗೆ ಮಾಡಿದರು. ಅಲ್ಲೇ ಎಡವಟ್ಟಾಯಿತು, ಟೈಲರ್ ಗಮನಿಸಲಿಲ್ಲ.

ಮಧ್ಯಾಹ್ನ ಮೇಲಿನ ಮನೆಯ ಅತ್ತೆ ರವಿಕೆ ಒಯ್ಯಲು ಅಂಗಡಿಗೆ ಬಂದರು. "ಕುರ್ಚಿಮಾವಂಗೆ ಏನು ಬಡ್ಕೊಂಡಿದೆಯೋ! ಮೆಟ್ಟಿಲು ಹತ್ತೋದು, ಇಳಿಯೋದು, ಬಸ್ಕಿ ಹೊಡೆಯೋದು. ನನ್ನ ಗ್ಯಾಸ್ ಸಿಲಿಂಡರ್ ಬೇರೆ ತಂದಿಟ್ರು!"

ಟೈಲರ್ ಟೇಪನ್ನು ಗಿರಾಕಿಯ ಕೊರಳಲ್ಲೇ ಬಿಟ್ಟು ಓಡಿದ. ಮಾವ ಎಣ್ಣೆ ಹಚ್ಚಿದ ಇಂಜಿನ್ನಿನಂತೆ ಹೊಳೆಯುತ್ತಿದ್ದರು.

"ಸುಮ್ನಿರಿ ಅಂದಿದ್ನಲ್ಲ ಮಾವ!"

"ಅಷ್ಟು ದೊಡ್ಡೋರು ನೋಡ್ತಿರುವಾಗ ಕಂಬದ ಥರ ಕೂತಿರೋಕಾಗುತ್ತೇನಯ್ಯ? ಮರ್ಯಾದೆ ಪ್ರಶ್ನೆ!"

ಬೆಲ್ಟು ಕಿತ್ತುಕೊಂಡು ಮನೆಗೆ ಓಡಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವಷ್ಟರಲ್ಲಿ, ಸಂಜೆ ಬರಬೇಕಿದ್ದ ಸಂಶೋಧಕಿ ಆಗಲೇ ಬಾಗಿಲಲ್ಲಿ ನಿಂತಿದ್ದಳು. ಬೆಲ್ಟಿಗೆ ತನ್ನ ಯಂತ್ರ ತಾಗಿಸಿದವಳೇ ಕಣ್ಣರಳಿಸಿದಳು.

"ಅಬ್ಬಾ! ನಮ್ಮ ಪೇಷೆಂಟ್‌ಗಳಲ್ಲೇ ನೀವು ಫಸ್ಟ್, ಸರ್!"

ಹೆಂಡತಿ ಬೀರುವಿನತ್ತ ನೋಡಿ ಸೆರಗು ಸಿಕ್ಕಿಸಿದಳು. ಟೈಲರನಿಗೆ ಬೆವರು ಕಿತ್ತುಕೊಂಡಿತು.

"ಅದು ನಾನಲ್ಲ ಮೇಡಂ, ಪಕ್ಕದ ಮನೆ ಮಾವ. ಬೀರು ತಳ್ಳಿದ್ರೆ ಸ್ಕ್ರೂ ಕಿತ್ತುಬರುತ್ತೆ ಅಂತ ಹೆದರಿ..."

ಸಂಶೋಧಕಿ ಹಣೆ ಚಚ್ಚಿಕೊಂಡಳು. "ಒಂದು ಮಾತು ಕೇಳಬಾರದಿತ್ತಾ? ನಿಮ್ಮ ಎಕ್ಸ್‌ರೇ ನಿನ್ನೆನೇ ಬಂತು. ಮೂಳೆ ಕೂಡಿ ಕಲ್ಲಾಗಿದೆ. ಖಾಲಿ ಬೀರು ತಾನೇ? ಡಾಕ್ಟರು ಭಾರ ತಳ್ಳಬಹುದು ಅಂತಾನೇ ಬರೆದಿದ್ದಾರೆ. ಆದ್ರೆ ಇವತ್ತಿನ ಲೆಕ್ಕ ನಡೆಯಲ್ಲ. ಬೆಲ್ಟು ಇನ್ನೊಂದು ವಾರ."

ವರ್ಷದಿಂದ ಬಿಗಿಹಿಡಿದಿದ್ದ ಉಸಿರು ಟೈಲರನ ಎದೆಯಿಂದ ಹೊರಬಿತ್ತು. ಅವನು ಹೆದರುತ್ತಲೇ ಬೀರುವಿಗೆ ಹೆಗಲು ಕೊಟ್ಟ. ಕಿರ್ರೆಂದದ್ದು ಬೀರು, ಬೆನ್ನಲ್ಲ. ಅವನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಹೆಂಡತಿ ಬೀರು ಹೋಗಿ ನಿಂತ ಆಚೆ ಗೋಡೆಯನ್ನು ನೋಡಿದಳು, ಈಚೆ ಗೋಡೆಯನ್ನು ನೋಡಿದಳು.

"ರೀ, ಕಿಟಕಿಯೇ ಮುಚ್ಚಿಹೋಯ್ತಲ್ಲ! ಮೊದಲಿದ್ದ ಜಾಗನೇ ವಾಸಿ."

ಬೀರು ಬಾಗಿಲಿಗೆ ಮರಳಿತು. ಟೈಲರ್ ಅಡ್ಡಡ್ಡ ನಡೆದು ಹೊರಗೆ ಬಂದ. ಕೊಟ್ಟ ಮಾತು ಉಳಿಸಿಕೊಂಡಿದ್ದ.