ಚೀಲದೊಳಗಿನ ದಮ್ಮು

ಕೋಳಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. ಆದರೆ ಕಣ್ಣಿನ ಆಪರೇಷನ್ನಿಗೆ ಹೊರಟ ಅಮ್ಮ ಆಣೆ ಹಾಕಿಸಿಕೊಂಡಿದ್ದಳು. "ಅವಳಿಗೆ ದಮ್ಮು ಕಣೋ. ಪಕ್ಕಕ್ಕೆ ವಾಲಿದ್ರೆ ಉಸಿರೇ ಕಟ್ಟುತ್ತೆ. ಒಂಟಿಯಾಗಿ ಬಿಡ್ಬೇಡ."

ಅವಳೆಂದರೆ ಮೊಟ್ಟೆಯಿಡುವುದನ್ನು ಎಂದೋ ಬಿಟ್ಟ ಕಂದು ಬಣ್ಣದ ಮುದಿ ಹೇಂಟೆ. ಅಪ್ಪ ಹೋದ ಮೇಲೆ ಅಮ್ಮ ಕಷ್ಟಸುಖ ಹೇಳಿಕೊಳ್ಳುತ್ತಿದ್ದುದು ಅದರ ಹತ್ತಿರವೇ. ಹಾಗಾಗಿ ಗುಮಾಸ್ತನಾಗಿದ್ದ ಮಗ ಅದನ್ನು ಬಟ್ಟೆಚೀಲದಲ್ಲಿ ನೆಟ್ಟಗೆ ಕೂರಿಸಿ, ಸುತ್ತ ಹಳೇ ಟವೆಲ್ ತುರುಕಿ, ಕೆಲಸಕ್ಕೆ ತಂದು ಮೇಜಿನ ಕೆಳಗಿಟ್ಟುಕೊಂಡ.

ಕೆಲಸವೋ ನಗರಸಭೆಯ ವಾಚನಾಲಯದಲ್ಲಿ. ಅಲ್ಲಿ ಪುಟ ತಿರುವಿದರೂ ಜನ ತಲೆಯೆತ್ತಿ ನೋಡುತ್ತಾರೆ. ಅದೂ ಇವತ್ತು ಅವನ ನೌಕರಿ ಕಾಯಂ ಮಾಡುವ ಸಾಹೇಬರು ಬರುವ ದಿನ. ಅವರಿಗೆ ಸರಿಕಾಣದವರನ್ನು ಊರಾಚೆಯ ನಗರಸಭೆ ಕೋಳಿ ಫಾರಮ್ಮಿಗೆ ಹಾಕುತ್ತಾರೆ. ಹಿಂದಿನ ಗುಮಾಸ್ತ ಇನ್ನೂ ಅಲ್ಲಿ ಗೊಬ್ಬರ ಬಾಚುತ್ತಿದ್ದಾನೆ. ಪುಸ್ತಕಗಳ ನಡುವೆಯೇ ಮುದುಕನಾಗಬೇಕೆಂದಿದ್ದ ನಮ್ಮ ಗುಮಾಸ್ತನಿಗೆ ಅದನ್ನು ನೆನೆದರೇ ಎದೆ ಧಸಕ್ಕೆನ್ನುತ್ತಿತ್ತು.

ಹೇಂಟೆ ತುಕ್ಕು ಹಿಡಿದ ಬಾಗಿಲಿನಂತೆ "ಕುಯ್ಯ್" ಎಂದಿತು. ಗುಮಾಸ್ತ ಗಡಬಡಿಸಿ ಕೆಮ್ಮಿದ.

"ಎದೇಲಿ ಕಫ ಕಟ್ಟಿದೆ," ಎಂದರು ಪೇಪರ್ ಓದುತ್ತಿದ್ದ ಪಿಂಚಣಿ ತಾತ.

ಮತ್ತೆ "ಕುಯ್ಯ್". ಮತ್ತೆ ಕೆಮ್ಮು. ಲೈಬ್ರರಿಯನ್ ಮೇಡಂ ಬಿಸಿನೀರು ತಂದು ಎದುರಿಗೇ ನಿಂತು ಕುಡಿಸಿದರು. ತಾತ ಎದ್ದು ಬಂದು ಬೆನ್ನಿಗೆ ಗುದ್ದತೊಡಗಿದರು. ಗುಮಾಸ್ತ ಈಗ ನಿಜವಾಗಿಯೇ ಕೆಮ್ಮಿದ. ಅಷ್ಟರಲ್ಲಿ ಸಾಹೇಬರು ಒಳಗೆ ಬಂದರು.

ಅವರು ಮೇಜಿನ ಮುಂದೆ ನಿಂತ ಹೊತ್ತಿಗೇ ಚೀಲದ ಸದ್ದು ನಿಂತುಹೋಯಿತು.

ಗುಮಾಸ್ತ ಕಾಲಿನಿಂದ ತಡವಿದ, ಚೀಲ ಪಕ್ಕಕ್ಕೆ ವಾಲಿತ್ತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬರುವ ಅಮ್ಮ ಮೊದಲು ಹುಡುಕುವುದೇ ಅದನ್ನು. ನೌಕರಿ ಹಾಳಾಗಲಿ ಎಂದುಕೊಂಡು ಅವನು ಎದೆ ಹಿಡಿದುಕೊಂಡು ಮೇಜಿನ ಕೆಳಗೆ ಕುಸಿದ. ಚೀಲ ನೆಟ್ಟಗೆ ಮಾಡಿ ಹೇಂಟೆಯ ಕತ್ತು ಎತ್ತಿ ಹಿಡಿದ. ಏನೂ ಇಲ್ಲ. ಆಮೇಲೆ ನಿಧಾನಕ್ಕೆ, "ಕುಯ್ಯ್ಯ್ಯ್".

ಮೇಲೆದ್ದಾಗ ಸಾಹೇಬರ ಮುಖ ಮೆತ್ತಗಾಗಿತ್ತು.

"ಇಂಥ ದಮ್ಮು ಇಟ್ಕೊಂಡು ಕೆಲಸಕ್ಕೆ ಬಂದಿದ್ದೀರಲ್ಲ. ನಿಮ್ಮಂಥವರನ್ನ ಕಾಯಂ ಮಾಡದೆ ಇನ್ಯಾರನ್ನ ಮಾಡ್ಲಿ?"

ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು.

"ಆದ್ರೆ ಈ ಧೂಳಲ್ಲಿ ನೀವು ಉಳಿಯಲ್ಲ. ಒಳ್ಳೆ ಗಾಳಿ ಬೇಕು. ಕೋಳಿ ಫಾರಮ್ಮಿಗೆ ಹಾಕ್ತೀನಿ."

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಅವನು ಚೀಲ ಎತ್ತಿ ಮೇಜಿನ ಮೇಲಿಟ್ಟು ಟವೆಲ್ ತೆಗೆದ. "ಸಾರ್, ದಮ್ಮು ನನಗಲ್ಲ. ಇದಕ್ಕೆ."

ಮೇಡಂ ಕುರ್ಚಿ ಹಿಂದಕ್ಕೆಳೆದುಕೊಂಡರು. ಸಾಹೇಬರು ಹೇಂಟೆಯನ್ನು ಬಹಳ ಹೊತ್ತು ನೋಡಿದರು. ನೀಟಾಗಿ ಕತ್ತರಿಸಿದ ಉಗುರು, ಹೊಳೆಯುವ ಪುಕ್ಕ.

"ಈ ವಯಸ್ಸಿನ ಕೋಳೀನ, ಅದೂ ಇಂಥ ಕಾಯಿಲೇಲಿ, ಹೀಗೆ ನೋಡ್ಕೊಂಡಿದ್ದೀರಾ?"

"ಹೌದು ಸಾರ್. ಮನೇಲಿ ನಾವೇ."

ಸಾಹೇಬರು ಮೊದಲ ಸಲ ನಕ್ಕರು. "ನಾನು ಬರೀ ಗಾಳಿ ಬದಲಾಗ್ಲಿ ಅಂತ ಹಾಕ್ತಿದ್ದೆ. ನಿಮಗೆ ಅನುಭವಾನೂ ಇದೆಯಲ್ರೀ. ನಾಳೆಯಿಂದಲೇ ಹೋಗಿ."

ಸಂಜೆ ಅಮ್ಮ ಪಟ್ಟಿ ಕಟ್ಟಿದ ಕಣ್ಣಲ್ಲೇ ಹೇಂಟೆಯನ್ನು ತಡವಿ ಮಡಿಲಿಗೆಳೆದುಕೊಂಡಳು. "ಉಸಿರಾಟ ಸಲೀಸಾಗಿದೆ," ಎಂದು ಸಮಾಧಾನಪಟ್ಟು, ಮಗನ ಕಡೆಗೆ ಕಿವಿಗೊಟ್ಟಳು.

"ನಿನಗೇನಾಯ್ತೋ? ಹೀಗೆ ಏದುಸಿರು ಬಿಡ್ತಿದೀಯ?"